ಹೊಡೆದುಹಾಕಿದ ಕಾಸ್

ನಮ್ಮ ಮನೆಯಲ್ಲಿ ಗಣಿತಕ್ಕೆ ಇದ್ದದ್ದು ಒಂದೇ ಕ್ರಿಯಾಪದ: ಹೊಡೆದುಹಾಕು. ಅಪ್ಪ ವಿಜಾಪುರದ ಕಡೆಯಿಂದ ಪುಣೆಗೆ ಬಂದು ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಬಂದವನೇ ಕೈಕಾಲು ತೊಳೆದು, ಅಣ್ಣನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಪಾಟಿಯ ಮೇಲೆ ಲೆಕ್ಕ ಮಾಡಿಸುತ್ತಿದ್ದ. ಸಮಚಿಹ್ನೆಯ ಎರಡೂ ಕಡೆ ಒಂದೇ ಅಂಕಿ ಕಂಡರೆ ಅವನಿಗೆ ಹಬ್ಬ. "ಇಲ್ಲೂ ಅದ, ಅಲ್ಲೂ ಅದ. ಹೊಡದ ಹಾಕ್ರಿ!" ಎಂದು ಕೂಗುತ್ತಿದ್ದ. ನಾವು ಬಳಪದಿಂದ ಚರ್ರೆಂದು ಅಡ್ಡಗೆರೆ ಎಳೆಯುತ್ತಿದ್ದೆವು. ಜಿರಲೆ ಹೊಡೆದಷ್ಟು ಖುಷಿಯಾಗುತ್ತಿತ್ತು. ಅಂಕಿಗಳ ಮಟ್ಟಿಗೆ ಅಪ್ಪನ ಈ ಮಾತು ನಮಗೆ ಒಮ್ಮೆಯೂ ಕೈಕೊಡಲಿಲ್ಲ.

ಕೈಕೊಟ್ಟದ್ದು ತ್ರಿಕೋನಮಿತಿ ಬಂದ ಮೇಲೆ. ಹನ್ನೊಂದನೆಯ ಇಯತ್ತೆಯಲ್ಲಿ ನಾನು ಒಂದು ಸಮೀಕರಣದಲ್ಲಿ ಕಾಸ್ ಹೊಡೆದುಹಾಕಿ, ಮಾರ್ಕು ಕಳೆದುಕೊಂಡು, ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನನ್ನ ಸಿಟ್ಟು ಮೊದಲಿನಿಂದಲೂ ಅಂಥದ್ದು. ಆ ಸಿಟ್ಟಿನಲ್ಲೇ ಗಣಿತ ಓದಿ, ಮುಂದೆ ಕೋಥರೂಡಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಬೆಂಚು ಹಾಕಿ ಟ್ಯೂಷನ್ ಶುರು ಮಾಡಿದೆ. ಅಣ್ಣ ಡಿಪ್ಲೊಮಾ ಮುಗಿಸಿ, ತಳೇಗಾಂವದ ಹತ್ತಿರ ತಗಡಿನ ಪತ್ರೆ ಹೊದೆಸಿದ ಒಂದು ಶೆಡ್ ಹಿಡಿದು, ಕಬ್ಬಿಣದ ಬಿಡಿಭಾಗಗಳ ತುಕ್ಕನ್ನು ಆಸಿಡ್‌ನಲ್ಲಿ ತೊಳೆದುಕೊಡುವ ಕೆಲಸ ಹಿಡಿದ. ಅವನು ಮಾತ್ರ ಅಪ್ಪನ ಪಾಟಿಯನ್ನು ಕೊನೆಯವರೆಗೂ ಬಿಡಲಿಲ್ಲ.

ಟ್ಯೂಷನ್ನಿನಲ್ಲಿ ಪ್ರತಿ ವರ್ಷ ಅದೇ ಸಮೀಕರಣ ಬರುತ್ತದೆ. ಸೈನ್ ಎರಡು ಎಕ್ಸ್ ಸಮ ಕಾಸ್ ಎಕ್ಸ್. ನಿತ್ಯಸಮೀಕರಣ ಬಳಸಿ ಎಡಗಡೆಯದನ್ನು ಬಿಡಿಸಿದರೆ ಎರಡು ಸೈನ್ ಎಕ್ಸ್ ಕಾಸ್ ಎಕ್ಸ್ ಆಗುತ್ತದೆ. ಆಗ ಎರಡೂ ಕಡೆ ಕಾಸ್ ಎಕ್ಸ್ ಹಲ್ಲು ಕಿರಿದುಕೊಂಡು ನಿಂತಿರುತ್ತದೆ. ಹಿಂದಿನ ಬೆಂಚಿನಿಂದ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ, "ಟೀಚರ್, ಕಾಸ್ ಕಾಟೂ ಕಾ?" ನಾನು ಮರಾಠಿಯಲ್ಲೇ ಬೆದರಿಸುತ್ತೇನೆ, "ಕಾಟ್ಲಾಸ್ ತರ ಮಾರ್ ಖಾಶೀಲ." ಹೊಡೆದುಹಾಕಿದರೆ ಹೊಡೆತ ತಿನ್ನುತ್ತೀ ಎಂದು. ಹುಡುಗರು ನಗುತ್ತಾರೆ. ನಾನು ನಗುವುದಿಲ್ಲ.

ಯಾಕೆಂದರೆ ಹೊಡೆದುಹಾಕುವುದೆಂದರೆ ಭಾಗಿಸುವುದು. ಕಾಸ್ ಎಕ್ಸ್ ಸೊನ್ನೆಯಾಗಿದ್ದರೆ? ಸೊನ್ನೆಯಿಂದ ಭಾಗಿಸಲು ನಮಗೆ ಅಪ್ಪಣೆ ಕೊಟ್ಟವರಾರು? ಅದಕ್ಕೇ ಎಲ್ಲವನ್ನೂ ಒಂದು ಕಡೆಗೆ ತಂದು ಕಾಸ್ ಎಕ್ಸನ್ನು ಮರ್ಯಾದೆಯಿಂದ ಆವರಣದ ಹೊರಗೆ ಕೂರಿಸಬೇಕು. ಆಗ ಎರಡು ದಾರಿ ತೆರೆಯುತ್ತವೆ. ಒಂದು ದಾರಿಯಲ್ಲಿ ಕಾಸ್ ಎಕ್ಸ್ ಸೊನ್ನೆ, ಅಂದರೆ ಎಕ್ಸ್ ತೊಂಬತ್ತು ಡಿಗ್ರಿ. ಇನ್ನೊಂದರಲ್ಲಿ ಸೈನ್ ಎಕ್ಸ್ ಸಮ ಅರ್ಧ. ಆ ಅರ್ಧಕ್ಕೆ ಕೋನ ಯಾವುದೆಂದು ಕ್ಯಾಲ್ಕ್ಯುಲೇಟರಿನಲ್ಲಿ ವಿಲೋಮ ಸೈನ್ ಒತ್ತಿ ಕೇಳಿದರೆ ಅದು ಮೂವತ್ತು ಎಂದು ಹೇಳಿ ಬಾಯಿ ಮುಚ್ಚುತ್ತದೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಸೈನ್ ಅಂದರೆ ಎತ್ತರ. ಬೆಳಿಗ್ಗೆ ಏರುವ ಸೂರ್ಯ ಯಾವ ಎತ್ತರದಲ್ಲಿದ್ದನೋ ಮಧ್ಯಾಹ್ನ ಇಳಿಯುವಾಗಲೂ ಅದೇ ಎತ್ತರದಲ್ಲಿ ಒಮ್ಮೆ ಇರುತ್ತಾನಲ್ಲ, ಹಾಗೆ. ಏರುವಾಗ ಮೂವತ್ತು, ಆಚೆ ಇಳಿಯುವಾಗ ನೂರೈವತ್ತು. ಯಂತ್ರ ಬೆಳಗಿನದನ್ನು ಮಾತ್ರ ಹೇಳುತ್ತದೆ, ಆಚೆ ಕಡೆಯದನ್ನು ನಾವೇ ನೆನಪಿಟ್ಟುಕೊಳ್ಳಬೇಕು. ಸೊನ್ನೆಯಿಂದ ನೂರೆಂಬತ್ತು ಡಿಗ್ರಿಯೊಳಗೆ ಒಟ್ಟು ಉತ್ತರ ಮೂರು.

ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ ಅಣ್ಣ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಜೊತೆಗೆ ವೈನಿ. ನಮ್ಮಲ್ಲಿ ಅತ್ತಿಗೆಯನ್ನು ಹಾಗೇ ಕರೆಯುವುದು. ಅಣ್ಣನ ಮುಖ ಬೆಳಗುತ್ತಿತ್ತು. ಆಸಿಡ್ ತೊಟ್ಟಿಗೆ ತಾನೇ ಲೆಕ್ಕ ಹಾಕಿ ಒಂದು ಮುಚ್ಚಳ ಮಾಡಿಸಿದ್ದೇನೆ ಎಂದ. ಬಾಗಿಲಿನಷ್ಟು ದೊಡ್ಡ ಕಬ್ಬಿಣದ ಮುಚ್ಚಳ, ತೊಟ್ಟಿಯ ಹಿಂದಿನ ಅಂಚಿಗೆ ಕೀಲು, ಅದರ ಭಾರ ಹೊರಲು ಸ್ಪ್ರಿಂಗ್. ಕೈಬಿಟ್ಟರೆ ತಾನಾಗಿ ಸ್ವಲ್ಪ ಎದ್ದು ಅರೆತೆರೆದು ನಿಲ್ಲುತ್ತದಂತೆ. ಆ ಸಂದಿಯಿಂದ ಕೆಲಸದವರು ಸಾಮಾನು ಮುಳುಗಿಸಬಹುದು, ಹೊಗೆಯೂ ಮುಖಕ್ಕೆ ಹೊಡೆಯುವುದಿಲ್ಲ.

"ಎಷ್ಟರ ಮ್ಯಾಲ ನಿಂದ್ರತದ?" ಎಂದು ಕೇಳಿದೆ.

"ಮೂವತ್ತು ಡಿಗ್ರಿ. ಬರೋಬರಿ ಮೂವತ್ತು," ಎಂದು ಅಣ್ಣ ಟ್ಯೂಷನ್ನಿನ ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ಹಿಡಿದ. ಭಾರ, ಸ್ಪ್ರಿಂಗು, ಉದ್ದ ಎಲ್ಲ ಬರೆದು, ಕೂಡಿಸಿ ಕಳೆದು, ಕಡೆಗೆ ನನ್ನ ಹಲಗೆಯ ಮೇಲೆ ಬಂದು ನಿಂತದ್ದು ನನಗೆ ಪರಿಚಯವಿದ್ದ ಅದೇ ಪ್ರಾಣಿ: ಸೈನ್ ಎರಡು ಎಕ್ಸ್ ಸಮ ಕಾಸ್ ಎಕ್ಸ್. ಅಣ್ಣ ಎಡಗಡೆಯದನ್ನು ಬಿಡಿಸಿದ. ಆಮೇಲೆ ಎರಡೂ ಕಡೆಯ ಕಾಸ್ ಮೇಲೆ ಚರ್ರೆಂದು ಅಡ್ಡಗೆರೆ ಎಳೆದ.

"ಅಣ್ಣಾ, ಏನ ಮಾಡಿದಿ ಇದು? ತೊಂಬತ್ತ ಹೊಂಟು ಹೋತು."

"ಎಲ್ಲಿ ಹೋತು? ಅದೂ ಅದನವಾ," ಎಂದು ನಕ್ಕ. "ಪೂರಾ ಮ್ಯಾಲ ಎತ್ತಿದ್ರ ತೊಂಬತ್ತರಾಗ ಗಪ್ಪಗ ನಿಂದ್ರತದ. ತೊಟ್ಟಿ ತೊಳಿಯೂ ಮುಂದ ಹುಡುಗೂರು ಹಂಗ ನಿಂದ್ರಸ್ತಾರ. ಲೆಕ್ಕದಾಗ ಇರಲಿಲ್ಲ, ಫುಕಟ್ ಸಿಕ್ಕದ."

ಪುಕ್ಕಟೆ ಸಿಕ್ಕಿದೆಯಂತೆ! ನನಗೆ ತಲೆ ಕೆಟ್ಟಿತು. ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ವಿವರಿಸಿದೆ. ಮೂವತ್ತರಲ್ಲಿ ಅದು ನಿಲ್ಲುವುದು ಬೇರೆ, ತೊಂಬತ್ತರಲ್ಲಿ ನಿಲ್ಲುವುದು ಬೇರೆ. ಮೂವತ್ತರಲ್ಲಿ ದೂಡಿದರೆ ತಿರುಗಿ ಅಲ್ಲಿಗೇ ಬರುತ್ತದೆ. ತೊಂಬತ್ತರಲ್ಲಿ ಕೂದಲೆಳೆಯಷ್ಟು ಸರಿದರೂ ಅಲ್ಲಿಗೆ ತಿರುಗಿ ಬರುವುದಿಲ್ಲ. ಇಷ್ಟು ದಿನ ನಿಂತದ್ದು ಕೀಲಿನ ತುಕ್ಕಿನಿಂದ, ಆಸಿಡ್ ಹೊಗೆಗೆ ಕೀಲು ಬಿಗಿದಿರುವುದರಿಂದ. ಅದು ನಿಂತಿಲ್ಲ, ಸಿಕ್ಕಿಕೊಂಡಿದೆ. ಅಣ್ಣ ಹೂಂ ಹೂಂ ಎಂದು ಕೇಳುತ್ತಾ ವೈನಿಯ ಕಡೆ ಕಣ್ಣು ಮಿಟುಕಿಸಿದ. "ನಮ್ಮ ಮಾಸ್ತರಬಾಯಿ ಶುರು ಮಾಡಿದ್ಲು ನೋಡು. ಬ್ಯಾಸಗಿಯಿಂದ ನಿಂತದವಾ, ಇನ್ನೂ ಬಿದ್ದಿಲ್ಲ. ಹೋಳಿಗಿ ಹಾಕು, ತಲಿ ತಿನ್ನಬ್ಯಾಡ."

ಹೋಳಿಗೆ ಹಾಕಿದೆ. ಒಂದು ಸರಪಳಿಯಾದರೂ ಕಟ್ಟಿಸು ಎಂದು ಗಂಟುಬಿದ್ದೆ. ಕಟ್ಟಿಸುತ್ತೇನೆ ಎಂದ. ನನ್ನ ಅಣ್ಣ ಒಂದು ಉತ್ತರ ಸಿಕ್ಕರೆ ಪೆನ್ನಿನ ಮುಚ್ಚಳ ಹಾಕಿಬಿಡುವ ಮನುಷ್ಯ. ಅವನು ಆ ಸರಪಳಿ ಕಟ್ಟಿಸುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಅವರು ಹೋದ ಮೇಲೆ ಹಲಗೆ ಒರೆಸಲು ನನಗೆ ಮನಸ್ಸಾಗಲಿಲ್ಲ. ಅಡ್ಡಗೆರೆ ಬಿದ್ದ ಆ ಎರಡು ಕಾಸ್‌ಗಳನ್ನು ಹೋಗಿ ಬಂದು ನೋಡುತ್ತಿದ್ದೆ. ಮರುದಿನ ಹುಡುಗರು ಬರುವ ಮುಂಚೆ ಒರೆಸಿದೆ.

ಮಳೆಗಾಲ ಮುಗಿಯಿತು, ಗಣಪತಿ ಬಂದು ಹೋದ, ನವರಾತ್ರಿ ಬಂತು. ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಯಂದು, ಬೆಳಿಗ್ಗೆ ವೈನಿಯ ಫೋನು. ಶೆಡ್ಡಿನಲ್ಲಿ ಫೋನಿರಲಿಲ್ಲ, ಹತ್ತಿರದ ಕಿರಾಣಿ ಅಂಗಡಿಯ ಕಾಯಿನ್ ಡಬ್ಬಿಯಿಂದ ಮಾತಾಡುತ್ತಿದ್ದಳು. ರೂಪಾಯಿ ಹಾಕಿ ಮಾತಾಡುವ, ಹೊತ್ತಾದರೆ ಪೀ ಎಂದು ತಾನೇ ಕಟ್ಟಾಗುವ ಕೆಂಪು ಡಬ್ಬಿ.

"ಪೂಜಿಗೆ ಬಾರವಾ. ನಿನ್ನೆಯಿಂದ ತೊಳ್ಯೂದು ತಿಕ್ಕೂದು ನಡದದ. ಎಲ್ಲಾ ಮಷಿನ್‌ಗೆ ಎಣ್ಣಿ ಹಾಕ್ಯಾರ. ಆ ಮುಚ್ಚಳಾ ಅಂತೂ ಈಗ ಬೊಟ್ಟಲೇ ದೂಡಿದ್ರ ಏಳತದ, ಹೂವಾಗೇದ ಹೂವು. ಮ್ಯಾಲ ನಿಂದ್ರಿಸಿ ಕುಂಕುಮ ಹಚ್ಚೇವಿ. ನಿಮ್ಮಣ್ಣ ಅದಕ್ಕಂತನ ದೊಡ್ಡ ಚೆಂಡು ಹೂವಿನ ಮಾಲಿ ತಂದಾರ."

ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ. ಎಣ್ಣೆ ಹಾಕಿದ್ದಾರೆ. ತುಕ್ಕು ಹೋಯಿತು. ಇಷ್ಟು ದಿನ ಅದನ್ನು ಹಿಡಿದಿದ್ದ ಒಂದೇ ಒಂದು ಕೈಯನ್ನು ಹಬ್ಬದ ಹೆಸರಿನಲ್ಲಿ ಬಿಡಿಸಿದ್ದಾರೆ. ಇನ್ನು ಅದರ ಮೇಲೆ ಮಾಲೆ ಹಾಕುತ್ತಾರೆ. ವರ್ಷಕ್ಕೊಮ್ಮೆ ಕಬ್ಬಿಣಕ್ಕೆ ಕೈಮುಗಿಯುವ ನಮ್ಮಂಥವರಲ್ಲದೆ ನಿಂತ ಮುಚ್ಚಳಕ್ಕೆ ಹೂವಿನ ಭಾರ ಹಾಕುವ ಕೆಲಸ ಇನ್ನಾರಿಗೂ ಹೊಳೆಯಲಾರದು.

"ವೈನಿ, ಅಣ್ಣನ್ನ ಕರಿ. ಈಗಿಂದೀಗ ಕರಿ," ಎಂದು ಕಿರುಚಿದೆ.

ಅವಳು ಹೆದರಿ ಓಡಿದಳು. ಫೋನಿನೊಳಗೆ ರಸ್ತೆಯ ಸದ್ದು, ಯಾರೋ ತೆಂಗಿನಕಾಯಿ ಕೇಳುತ್ತಿರುವುದು, ಟ್ರಕ್ಕಿನ ಹಾರ್ನು. ಕಡೆಗೂ ಅಣ್ಣ ಬಂದ. "ಏನ ಆತು? ಅಪ್ಪಗ ಏನರ ಆತೇನು?"

"ಅಣ್ಣಾ, ಆ ಮುಚ್ಚಳದ ಮುಂದ ಯಾರೂ ನಿಂದ್ರಬ್ಯಾಡ್ರಿ. ಎಣ್ಣಿ ಹಾಕೀರಿ, ಇನ್ನ ಅದು ನಿಂದ್ರೂದಿಲ್ಲ. ತೊಟ್ಟಿ ಮ್ಯಾಲ ಬಗ್ಗಿದವರ ಕುತ್ತಿಗಿ ಮ್ಯಾಲ ಬೀಳತದ."

"ಮುಂದ ನಿಂದ್ರಬಾರದು. ಇಷ್ಟ ಹೌದಲ್ಲ? ಆತು ತಗೋ ಮಾಸ್ತರಬಾಯಿ, ನಿನ್ನ ಮಾತು ಕೇಳ್ತೀನಿ. ಹಬ್ಬದ ದಿನ ಜಗಳ ಬ್ಯಾಡ."

"ಇಷ್ಟ ಅಲ್ಲ. ಕೇಳಿಲ್ಲೆ. ಮತ್ತ ಹಿಂದ..."

ಪೀ ಎಂದಿತು. ಲೈನ್ ಸತ್ತಿತು. ಆ ಡಬ್ಬಿಯ ನಂಬರು ನನಗೆ ಗೊತ್ತಿರಲಿಲ್ಲ. ರಿಸೀವರ್ ಹಿಡಿದುಕೊಂಡು ಅವನು ಇನ್ನೊಂದು ರೂಪಾಯಿ ಹಾಕಿಯಾನು ಎಂದು ಕಾದೆ. ಹಾಕಲಿಲ್ಲ. ಯಾಕೆ ಹಾಕುತ್ತಾನೆ? ಉತ್ತರ ಸಿಕ್ಕಿತ್ತಲ್ಲ!

ಮನೆಯ ಸೀರೆಯಲ್ಲೇ ಹೊರಟೆ. ಕೋಥರೂಡಿನಿಂದ ಶಿವಾಜಿನಗರಕ್ಕೆ ಬಸ್ಸು, ಅಲ್ಲಿಂದ ಲೋಕಲ್. ಊರೆಲ್ಲ ಚೆಂಡು ಹೂವಿನ ವಾಸನೆ. ಬಸ್ಸಿನ ಕನ್ನಡಿಗೆ ಮಾಲೆ, ರಿಕ್ಷಾದ ಮೂತಿಗೆ ಮಾಲೆ, ಲೋಕಲ್ಲಿನ ಮುಖಕ್ಕೂ ಮಾಲೆ. ಬಾಕಿ ವರ್ಷಗಳಲ್ಲಿ ಅದನ್ನು ನೋಡಿದರೆ ಮನಸ್ಸು ಅರಳುತ್ತಿತ್ತು. ಅಂದು ಪ್ರತಿಯೊಂದು ಮಾಲೆಯೂ ಎಷ್ಟು ಭಾರವಿದ್ದೀತು ಎಂದು ಲೆಕ್ಕ ಹಾಕುತ್ತಿದ್ದೆ. ಎದುರು ಸೀಟಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು, ನನ್ನ ಮುಖ ನೋಡಿ, "ಕಾಯ್ ಝಾಲಂ, ತಾಯೀ?" ಎಂದು ಕೇಳಿದಳು. ಏನಾಯಿತೆಂದು ಏನು ಹೇಳಲಿ? ಕಾಹೀ ನಾಹೀ, ಏನೂ ಇಲ್ಲ, ಎಂದೆ.

ಪಿಂಪರಿ ದಾಟುವಾಗ ನನಗೆ ನಿಜವಾದ ಹೆದರಿಕೆ ಹತ್ತಿತು. ಅಲ್ಲಿಯವರೆಗೆ, ಹೇಳಿದ್ದೇನಲ್ಲ, ಮುಂದೆ ನಿಲ್ಲುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಮುಂದೆ ನಿಲ್ಲದವನು ಎಲ್ಲಿ ನಿಲ್ಲುತ್ತಾನೆ? ತೊಟ್ಟಿಯ ಎರಡು ಪಕ್ಕದಲ್ಲಿ ಕಬ್ಬಿಣದ ಕಂಬ, ಸ್ಪ್ರಿಂಗು. ಅಲ್ಲಿ ಜಾಗವಿಲ್ಲ. ಹಿಂದೆ ಮಾತ್ರ ಬೇಕಾದಷ್ಟು ಜಾಗ, ಸಾಮಾನು ತೊಳೆಯುವ ನಲ್ಲಿ, ಕಲ್ಲಿನ ಕಟ್ಟೆ. ಮುಚ್ಚಳ ಮುಂದಕ್ಕೆ ಬಿದ್ದರೆ ಮೂವತ್ತರ ಕಡೆಗೆ. ಹಿಂದಕ್ಕೆ ಬಿದ್ದರೆ ನೂರೈವತ್ತರ ಕಡೆಗೆ. ಎರಡೂ ಅದಕ್ಕೆ ಒಂದೇ. ಒಂದು ಉತ್ತರವನ್ನು ಹೇಳಿದ್ದೆ, ಇನ್ನೊಂದು ನನ್ನ ಬಾಯಲ್ಲೇ ಉಳಿದಿತ್ತು. ಅಣ್ಣ ಈಗ ಎಲ್ಲರನ್ನೂ ಕರೆದು, ಮಾಸ್ತರಬಾಯಿ ಹೇಳ್ಯಾಳ ಎಂದು ನಗುತ್ತಾ, ಪೂಜೆಯನ್ನೇ ಹಿಂದಕ್ಕೆ ವರ್ಗಾಯಿಸಿರುತ್ತಾನೆ. ಅವನನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ.

ದೇಹೂರೋಡಿನಲ್ಲಿ ಗಾಡಿ ನಿಂತೇ ನಿಂತಿತು. ಸಿಗ್ನಲ್ಲಂತೆ. ನಾನು ಬಾಗಿಲಿನ ಕಂಬ ಹಿಡಿದು ನಿಂತು ಆ ಸಿಗ್ನಲ್ಲಿಗೆ, ರೈಲಿಗೆ, ಆ ಕೆಂಪು ಡಬ್ಬಿಗೆ, ನನ್ನ ಅಣ್ಣನ ಮೊಂಡುತನಕ್ಕೆ ಮನಸ್ಸಿನಲ್ಲೇ ಬಾಯಿಗೆ ಬಂದದ್ದನ್ನು ಬೈದೆ. ಬೈಗುಳ ಮುಗಿದ ಮೇಲೆ ಬೇಡಿಕೊಂಡೆ. ಗಾಡಿ ಹೊರಟಿತು.

ತಳೇಗಾಂವದಲ್ಲಿ ರಿಕ್ಷಾದವನನ್ನು ಓಡಿಸಿ ಓಡಿಸಿ ಶೆಡ್ ಮುಟ್ಟಿದೆ. ಗೇಟಿನ ಹೊರಗೇ ಊದುಬತ್ತಿಯ ವಾಸನೆ, ಆರತಿಯ ಗಂಟೆ. ಒಳಗೆ ಹೋದರೆ ನಾನು ಪಿಂಪರಿಯಲ್ಲಿ ಕಂಡದ್ದೇ ಎದುರಿಗಿತ್ತು. ಮುಚ್ಚಳ ನೆಟ್ಟಗೆ ನಿಂತಿದೆ. ತೊಳೆದು, ಎಣ್ಣೆ ಸವರಿ, ಮೇಲೆ ಕುಂಕುಮದ ಸ್ವಸ್ತಿಕ. ತೊಟ್ಟಿಯ ಮುಂದೆ ಒಬ್ಬರೂ ಇಲ್ಲ, ಅಚ್ಚುಕಟ್ಟಾಗಿ ಖಾಲಿ. ಎಲ್ಲರೂ ಹಿಂದೆ. ಆರತಿ ತಟ್ಟೆ ಹಿಡಿದು ವೈನಿ, ಅವಳ ಬೆನ್ನಿಗೆ ಯಾದಗಿರಿ ಕಡೆಯ ಕೆಲಸದ ಗಂಡ ಹೆಂಡತಿ. ಕಲ್ಲಿನ ಕಟ್ಟೆಯ ಪಕ್ಕ ಸ್ಟೂಲಿನ ಮೇಲೆ ನಿಂತ ಅಣ್ಣ, ಎರಡೂ ಕೈಯಲ್ಲಿ ಆ ದೊಡ್ಡ ಮಾಲೆ.

"ಹಿಂದ ನಿಂದ್ರಬ್ಯಾಡ್ರೀ! ಓಡ್ರಿ ಅಲ್ಲಿಂದ!" ಎಂದು ನನಗಿದ್ದ ದನಿಯನ್ನೆಲ್ಲ ಹಾಕಿ ಕೂಗಿದೆ.

ವೈನಿ ಬೆದರಿ ತಟ್ಟೆ ಕೈಬಿಟ್ಟು ಪಕ್ಕಕ್ಕೆ ಹಾರಿದಳು. ಕೆಲಸದವನು ಹೆಂಡತಿಯ ರಟ್ಟೆ ಹಿಡಿದು ಎಳೆದ. ಅಣ್ಣ ಮಾತ್ರ ನನ್ನ ಕಡೆ ತಿರುಗಿ ನಕ್ಕ. "ಅಯ್ಯ ಹುಚ್ಚೀ, ಮುಂದ ಬ್ಯಾಡ ಅಂದಿ, ಹಿಂದ ಬಂದ್ವಿ. ಈಗ ಹಿಂದೂ ಬ್ಯಾಡಂತಿ. ಎಲ್ಲಿ ನಿಂದ್ರಲಿ ಹೇಳು?" ಎನ್ನುತ್ತಲೇ ಮಾಲೆಯನ್ನು ಮುಚ್ಚಳದ ಮೇಲಿನ ಅಂಚಿಗೆ ಇಳಿಬಿಟ್ಟ.

ಸದ್ದೇ ಆಗಲಿಲ್ಲ. ಅದೇ ಭಯಂಕರ. ಅಷ್ಟು ಚೆನ್ನಾಗಿ ಎಣ್ಣೆ ಹಾಕಿದ್ದರು. ಮುಚ್ಚಳ ಮೊದಲು ಯೋಚಿಸುವಂತೆ ಒಂದಿಷ್ಟು ವಾಲಿತು, ಆಮೇಲೆ ಒಮ್ಮೆಲೇ ಹಿಂದಕ್ಕೆ ಬಂತು. ಅಣ್ಣ ಸ್ಟೂಲಿನಿಂದ ಬಿದ್ದ. ಬೀಳುವಾಗ ಆಸರೆಗೆಂದು ಬಲಗೈಯನ್ನು ಕಲ್ಲಿನ ಕಟ್ಟೆಯ ಮೇಲೆ ಊರಿದ. ಮುಚ್ಚಳದ ಅಂಚು ಅಲ್ಲಿಗೇ ಇಳಿಯಿತು. ಆಮೇಲೆ ಕೊಂಚ ಮೇಲೆದ್ದು, ತೂಗಾಡಿ, ನೂರೈವತ್ತರಲ್ಲಿ ಗಪ್ಪಗೆ ನಿಂತಿತು.

ಕೈಯನ್ನು ಮಣಿಕಟ್ಟಿನವರೆಗೆ ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಅಣ್ಣನಿಗೆ ಎಚ್ಚರವಾಯಿತು. ಆಮೇಲೆ ನನ್ನನ್ನು ಹತ್ತಿರ ಕರೆದು ಕೇಳಿದ, "ಉತ್ತರ ಎಷ್ಟು ಇದ್ದವು?"

"ಮೂರು," ಎಂದೆ.

"ಹೊಡದ ಹಾಕಿದ್ದು ತಿರುಗಿ ಹೊಡೀತು ನೋಡು," ಎಂದ. ನನಗೆ ಅಳು ತಡೆಯಲಾಗಲಿಲ್ಲ. ಅವನ ಮೇಲಿನ ಸಿಟ್ಟೂ ತಡೆಯಲಾಗಲಿಲ್ಲ. ಎರಡೂ ಒಟ್ಟಿಗೆ ಬಂದವು.

ಸಂಜೆ ಅಪ್ಪ ಬಂದ. ಬಡಿಗೆ ಊರಿಕೊಂಡು, ಬಿಳಿ ಟೋಪಿ ಕೈಯಲ್ಲಿ ಹಿಡಿದುಕೊಂಡು ಮಂಚದ ಪಕ್ಕ ಕೂತ. ಹೊದಿಕೆಯ ಕೆಳಗಿನ ಆ ಗಿಡ್ಡ ಕೈಯನ್ನು ನೋಡಲಾರದೆ ಗೋಡೆ ನೋಡುತ್ತಾ ಕೇಳಿದ, "ಹೆಂಗಾತಪಾ ಇದು? ಲೆಕ್ಕ ಹಾಕೇ ಮಾಡಿದ್ದೆಲ್ಲ?"

ಅಣ್ಣ ಹೊದಿಕೆ ಎಳೆದುಕೊಂಡ. ಅಪ್ಪ ನನ್ನ ಕಡೆ ತಿರುಗಿದ. "ನೀನರ ಹೇಳವಾ. ಲೆಕ್ಕದಾಗ ತಪ್ಪಿತ್ತೇನು?"

"ಎರಡೂ ಕಡೆ ಒಂದ ಪದ ಇತ್ತಪ್ಪಾ," ಎಂದು ಶುರು ಮಾಡಿದೆ.

"ಹಂಗಾರ ಹೊಡೀಬೇಕು," ಎಂದ ಅಪ್ಪ ಥಟ್ಟನೆ. "ಹೊಡದನೋ ಇಲ್ಲೋ? ನಾನು ಕಲಿಸಿದ್ದನ್ನರ ಮರೀಲಿಲ್ಲ ಹೌದಲ್ಲ?"

ತಪ್ಪು ಉತ್ತರ ಕೇಳಿಸಿಕೊಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಬಾಯಿ ತೆರೆದೆ. ಅಣ್ಣ ದಿಂಬಿನ ಮೇಲಿಂದ ನನ್ನನ್ನು ನೋಡಿದ. ಚಿಕ್ಕವನಾಗಿದ್ದಾಗ ಅಪ್ಪನಿಗೆ ಹೇಳಬೇಡ ಎಂದು ನೋಡುತ್ತಿದ್ದನಲ್ಲ, ಅದೇ ನೋಟ. "ಮರೀಲಿಲ್ಲಪಾ," ಎಂದ. "ಲೆಕ್ಕ ಬರೋಬರಿ ಇತ್ತು. ಎಣ್ಣಿ ಜಾಸ್ತಿ ಆತು." ಅಪ್ಪ ನಿಟ್ಟುಸಿರುಬಿಟ್ಟು, ಲೆಕ್ಕ ಸರಿಯಿದ್ದದ್ದಕ್ಕೆ ಒಂದಿಷ್ಟು ಸಮಾಧಾನಪಟ್ಟುಕೊಂಡ. ನಾನು ಬಾಯಿ ಮುಚ್ಚಿಕೊಂಡು ನೀರು ತರುವ ನೆಪದಲ್ಲಿ ಹೊರಗೆ ಹೋದೆ.

ಅದಾಗಿ ಎಷ್ಟೋ ವರ್ಷಗಳಾದವು. ಹೊಸ ಶತಮಾನ ಬಂತು, ಕೆಂಪು ಡಬ್ಬಿಗಳು ಹೋಗಿ ಎಲ್ಲರ ಕೈಗೂ ಮೊಬೈಲ್ ಬಂತು. ಅಣ್ಣ ಶೆಡ್ ಬಿಟ್ಟು, ಎಡಗೈಯಲ್ಲಿ ಬರೆಯಲು ಕಲಿತು, ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ. ಅಪ್ಪನಿಗೆ ನಿಜವನ್ನು ನಾವು ಯಾರೂ ಹೇಳಲಿಲ್ಲ. ಹೇಳಿದರೆ ಆ ವಯಸ್ಸಿನಲ್ಲಿ ಮನುಷ್ಯ ಉಳಿಯುತ್ತಿರಲಿಲ್ಲ.

ಮೊನ್ನೆ ಮೊನ್ನೆಯ ಮಾತು. ಭಾನುವಾರ ಎಲ್ಲರೂ ನಮ್ಮಲ್ಲಿ ಊಟ ಮಾಡಿದೆವು. ಅಡುಗೆಮನೆಯಲ್ಲಿ ಅಣ್ಣನೂ ನಾನೂ ಚಹಾ ಕುಡಿಯುತ್ತಾ ಕೂತಿದ್ದೆವು. ಹಾಲ್‌ನಲ್ಲಿ ಅಪ್ಪ ಅಣ್ಣನ ಮಗಳನ್ನು ಎದುರಿಗೆ ಕೂರಿಸಿಕೊಂಡಿದ್ದ. ಪಾಟಿ ಹೋಗಿ ನನ್ನ ಟ್ಯೂಷನ್ ಹಲಗೆ ಬಂದಿತ್ತು, ಅಷ್ಟೇ ವ್ಯತ್ಯಾಸ. ಹುಡುಗಿಗೆ ಆಗ ತಾನೇ ಸಮೀಕರಣ ಶುರುವಾಗಿತ್ತು. ಎರಡೂ ಕಡೆ ಐದು, ಎಂಟು, ಇಂಥ ಬಡಪಾಯಿ ಅಂಕಿಗಳು.

"ಅಜ್ಜಾ, ಇಲ್ಲೂ ಅದ, ಅಲ್ಲೂ ಅದ," ಎಂದಳು ಅವಳು.

"ಹಂಗಾರ ಮತ್ತೇನ ನೋಡ್ತೀ? ಹೊಡದ ಹಾಕು!" ಎಂದ ಅಪ್ಪ. ದನಿಯಲ್ಲಿ ಅದೇ ಹಳೆಯ ಹಬ್ಬ.

ಸೀಮೆಸುಣ್ಣ ಚರ್ರೆಂದಿತು. ಕಪ್ಪುಗಳನ್ನು ಕೆಳಗಿಟ್ಟು ನಾವಿಬ್ಬರೂ ಒಟ್ಟಿಗೇ ಎದ್ದೆವು.